ಔಷಧದಾನವೂ ಅಭಯದಾನವೂ

ಚನ್ನರಾಯಪಟ್ಟಣದ ತಾಲ್ಲೂಕಿಗೆ ಸೇರಿದ ಶ್ರವಣಬೆಳ್ಗೊಳದ ಶಾಸನಗಳನ್ನು ಓದಿದವರಿಗೆ ದಾನಚತುಷ್ಟಯದ ಹೆಸರು ಅಪರಿಚಿತವಾದುದಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಜೈನಧರ್ಮವು ಗೃಹಸ್ಥನಿಗೆ ವಿಧಿಸಿರುವುದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ಪತ್ನಿ ಲಕ್ಷ್ಮೀಮತಿಯನ್ನು ಹನ್ನೆರಡನೆಯ ಶತಮಾನದ ಶಾಸನಕವಿಯು ಹೊಗಳುವಾಗ, ಈ ನಾಲ್ಕು ದಾನಗಳಲ್ಲಿ ಸಂತೋಷಪಡುತ್ತಿದ್ದವಳೆಂದೇ ಹೊಗಳಿರುವನು. ಶಾಸನಗಳ ಬಿರುದಾವಳಿ ಎಷ್ಟೋ ಸಲ ಬರಿಯ ರೂಢಿಯ ಮಾತಾಗಿರುತ್ತದೆ. ಆದರೂ ರೂಢಿಯ ಮಾತಿನಲ್ಲಿಯೂ ಹಿಂದಿನವರ ವಿವೇಚನೆ ಅಡಗಿರುವುದುಂಟು. ಭೈಷಜ್ಯವೆಂದರೆ ಔಷಧ. ಅಭಯವೆಂದರೆ ಹೆದರಿಬಂದವನ ಭಯವನ್ನು ನೀಗಿ ಆಶ್ರಯವನ್ನು ಕೊಡುವುದು. ರೋಗಿಗೆ ಔಷಧವನ್ನು ಕೊಟ್ಟಮಾತ್ರಕ್ಕೆ ಅಭಯವನ್ನೂ ಕೊಟ್ಟಂತಾಯಿತೆಂದು ಆ ಕಾಲದವರು ಭಾವಿಸಲಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದರು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಎಚ್.ಐ.ವಿ. ಸೋಂಕಿನೊಡನೆ ಬಾಳುತ್ತಿರುವವರಿಗೆ ಚಿಕಿತ್ಸೆಯೂ ಆಸರೆಯೂ ಹೇಗೆ ದೊರೆಯುತ್ತ ಬಂದಿತೆಂಬುದನ್ನು ವಿಚಾರಿಸಹೊರಟರೆ, ಈ ಎಣಿಕೆಯ ಯುಕ್ತತೆ ಚೆನ್ನಾಗಿ ಮನದಟ್ಟಾಗುವುದು. ಅಲ್ಲಿ ಔಷಧವು ಬಂದ ದಾರಿ ಬೇರೆ, ಅಭಯವು ಬಂದ ದಾರಿ ಬೇರೆ. ಆ ದಾರಿಗಳು ಕೂಡಿದ್ದು ತಡವಾಗಿ. ಪೂರ್ತಿ ಕೂಡಿಲ್ಲವೆಂದೇ ಹೇಳಬೇಕು.

ಈ ವ್ಯಾಧಿಯ ಮೊದಲ ಸುದ್ದಿ ೧೯೮೧ರ ಜೂನ್ ತಿಂಗಳಲ್ಲಿ ಅಮೆರಿಕದಿಂದ ಹೊರಟಿತು. ೧೯೮೩ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ಅದರ ವಿಷಾಣುವನ್ನು ಕಂಡುಹಿಡಿದರು. ಭಾರತದಲ್ಲಿ ಅದು ಗೊತ್ತಾದದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ಡಾಕ್ಟರ್ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿಯು ಲೈಂಗಿಕ ವೃತ್ತಿಯ ಸ್ತ್ರೀಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು; ಆ ಮಾದರಿಗಳನ್ನು ವೆಲ್ಲೂರಿಗೆ ಒಯ್ದು ಪರೀಕ್ಷಿಸಿದಾಗ ಸೋಂಕು ಖಚಿತವಾಯಿತು. ದೇಶಕ್ಕೆ ಈ ತಿಳಿವನ್ನು ತಂದುಕೊಟ್ಟ ರಕ್ತವು ಯಾರದೋ ಅವರ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಉಳಿಯಬಾರದೆಂಬುದೇ ನ್ಯಾಯ, ಆದರೆ ಅವರ ಉಪಕಾರವನ್ನು ನೆನೆದವರೂ ವಿರಳ.

೧೯೯೨ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವು ಆರಂಭವಾಯಿತು. ೧೯೯೭ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯು ಸ್ಥಾಪಿತವಾಯಿತು. ಸೋಂಕು ಹೆಚ್ಚಾಗಿರುವ ಆರು ರಾಜ್ಯಗಳೆಂದು ಎಣಿಸಿದವುಗಳಲ್ಲಿ ಕರ್ನಾಟಕವೂ ಒಂದಾಗಿದ್ದಿತು. ಆ ದಿನಗಳಲ್ಲಿ ಜನರು ಬೆರಳು ತೋರಿಸಿದ್ದು ಹೆದ್ದಾರಿಯ ಕಡೆಗೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಮಾರ್ಗವು ಚನ್ನರಾಯಪಟ್ಟಣವನ್ನೂ ಹಾಸನವನ್ನೂ ಹಾದು ಘಟ್ಟವನ್ನು ಇಳಿಯುತ್ತದೆ. ಲಾರಿಯ ಚಾಲಕರಿಗೆ ತಿಳಿವಳಿಕೆ ಕೊಡುವ ಕೆಲಸಕ್ಕೆ ನಿಯಂತ್ರಣ ಕಾರ್ಯಕ್ರಮವು ಪ್ರಾಶಸ್ತ್ಯ ಕೊಟ್ಟದ್ದೂ ನಿಜ. ಆದರೆ ಹೆದ್ದಾರಿಯನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭವಾದ ಮಾತು. ಗಂಡನ ಹೊರತು ಅನ್ಯಪುರುಷನನ್ನು ಅರಿಯದ ಗೃಹಿಣಿಯರೂ, ಅವರ ಒಡಲಿನಲ್ಲಿ ಹುಟ್ಟಿದ ಶಿಶುಗಳೂ ಸೋಂಕಿತರ ಲೆಕ್ಕಕ್ಕೆ ಬಂದಾಗ, ಈ ರೋಗವು ಯಾವ ಬೀದಿಯಲ್ಲಿ ಹುಟ್ಟಿತೆಂಬ ವಿಚಾರಕ್ಕೆ ಅರ್ಥ ಉಳಿಯಲಿಲ್ಲ.

ಗೌರವಸ್ಥರ ಮನೆಗಳಲ್ಲಿ ಇಂಥ ವಿಷಯದ ಪ್ರಸ್ತಾಪವೇ ಕೂಡದೆಂಬ ಸಂಕೋಚವು ಹೊಸದಲ್ಲ. ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಲ್ಲೇ ಧರಿಸಿದ್ದ ಅ. ನ. ಕೃಷ್ಣರಾಯರು ವೇಶ್ಯಾಜೀವನವನ್ನು ವಸ್ತುವಾಗಿರಿಸಿಕೊಂಡು 'ಶನಿಸಂತಾನ', 'ನಗ್ನಸತ್ಯ', 'ಸಂಜೆಗತ್ತಲು' ಎಂಬ ಕಾದಂಬರಿಗಳನ್ನು ಬರೆದಾಗ ಅಶ್ಲೀಲವೆಂಬ ಆಕ್ಷೇಪವು ನಾಡಿನಲ್ಲೆಲ್ಲಾ ಎದ್ದಿತು. ಅದಕ್ಕೆ ಉತ್ತರವಾಗಿ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಆ ಕಾದಂಬರಿಗಳ ಕಲಾಗುಣದ ವಿಚಾರ ಇಲ್ಲಿ ಅಪ್ರಕೃತ. ಗುಪ್ತವಾಗಿಟ್ಟ ಮಾತ್ರದಿಂದ ರೋಗವು ಗುಣವಾಗದೆಂಬುದನ್ನು ಆ ಲೇಖಕರು ಅರಿತಿದ್ದರು. ಅವರನ್ನು ಜರೆದವರು ಅರಿತಂತೆ ಕಾಣುವುದಿಲ್ಲ.

ಇನ್ನು ಭಯದ ಮಾತು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕುಷ್ಠವನ್ನು ನಿರೂಪಿಸುವ ಅಧ್ಯಾಯದ ಕೊನೆಗೆ ಆಚಾರ್ಯನು ಸಾಂಕ್ರಾಮಿಕ ರೋಗಗಳ ಪ್ರಸ್ತಾಪವನ್ನು ಮಾಡಿ, ಮೈಸೋಂಕು, ಜೊತೆಯೂಟ, ಒಂದೇ ಹಾಸಿಗೆ, ಒಬ್ಬರ ಬಟ್ಟೆಯನ್ನು ಮತ್ತೊಬ್ಬರು ಉಡುವುದು ಮುಂತಾದ ಕಾರಣಗಳನ್ನು ಎಣಿಸಿರುವನು. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಗ್ರಂಥಕ್ಕೆ ಅದು ಭೂಷಣಪ್ರಾಯವಾದ ಸೂಕ್ಷ್ಮದೃಷ್ಟಿ. ಆದರೆ ಗಮನಿಸತಕ್ಕ ಅಂಶವೊಂದುಂಟು: ಯಾವ ಯಾವ ರೋಗಗಳು ಹಾಗೆ ಹರಡುವುವೆಂಬುದನ್ನೂ ಆತನು ಹೆಸರು ಹಿಡಿದು ಹೇಳಿರುವನು. ಜನರು ನಿಯಮವನ್ನು ನೆನಪಿನಲ್ಲಿಟ್ಟುಕೊಂಡು ಹೆಸರುಗಳನ್ನು ಮರೆತರು. ಎಚ್.ಐ.ವಿ. ಹರಡುವ ದಾರಿಗಳು ನಾಲ್ಕೇ: ರಕ್ಷಣೆಯಿಲ್ಲದ ಸಂಭೋಗ, ಸೋಂಕುಳ್ಳ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಮತ್ತೊಬ್ಬರಿಗೆ ಚುಚ್ಚುವುದು, ಮತ್ತು ಗರ್ಭ, ಪ್ರಸವ, ಸ್ತನ್ಯಗಳ ಮೂಲಕ ತಾಯಿಯಿಂದ ಮಗುವಿಗೆ. ಜೊತೆಯೂಟದಿಂದ ಅದು ಬರುವುದಿಲ್ಲ. ಮುಟ್ಟುವುದರಿಂದ, ಕೆಮ್ಮಿನಿಂದ, ಸೊಳ್ಳೆಯಿಂದ, ಬಾವಿಯ ನೀರಿನಿಂದ ಬರುವುದಿಲ್ಲ. ಇಷ್ಟನ್ನು ವಿಜ್ಞಾನವು ೧೯೮೦ರ ದಶಕದಲ್ಲಿಯೇ ನಿರ್ಧರಿಸಿದ್ದಿತು. ಆದರೂ ಸೋಂಕಿತನ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆಯಿರಿಸಿದ ಮನೆಗಳು ಕರ್ನಾಟಕದಲ್ಲಿ ಎಷ್ಟೋ ಆಗಿಹೋದುವು. ಗಂಡ ಸತ್ತಮೇಲೆ ಸೊಸೆಯನ್ನು ತೌರಿಗಟ್ಟಿ, ಅವಳ ಪಾಲಿನ ಭೂಮಿಯನ್ನು ಉಳಿಸಿಕೊಂಡ ಮನೆಗಳೂ ಆಗಿಹೋದುವು. ಎರಡನೆಯದು ಅಜ್ಞಾನದ ಫಲವೆಂದು ಹೇಳಲಾಗದು.

೧೮೯೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದ ಕಾಲವನ್ನು ಇದರೊಡನೆ ಹೋಲಿಸಿ ನೋಡಬಹುದು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲದ ಬಯಲಿಗೆ ಹೋಗಿ ಗುಡಿಸಲು ಹಾಕುತ್ತಿದ್ದಿತು. ಕಷ್ಟವು ಘೋರವಾದುದು, ಆದರೆ ಅದು ಸರ್ವರಿಗೂ ಸಮವಾಗಿದ್ದಿತು, ಬಡವನೂ ಶ್ಯಾನುಭೋಗನೂ ಒಂದೇ ಬಯಲಿನಲ್ಲಿದ್ದರು. ಈ ಹೊಸ ರೋಗದಲ್ಲಾದರೋ ಊರು ಇದ್ದಲ್ಲೇ ಇದ್ದಿತು. ಹೊರಗೆ ಹೋಗಬೇಕಾದವನು ರೋಗಿಯೊಬ್ಬನೇ.

ನೆರೆಯ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ೧೯೯೭ರ ಡಿಸೆಂಬರ್ ೧ರಂದು ಒಂದು ವಿಚಿತ್ರವಾದ ಪ್ರತಿಷ್ಠೆ ನಡೆಯಿತು. ಅಲ್ಲಿನ ವಿಜ್ಞಾನದ ಉಪಾಧ್ಯಾಯರೊಬ್ಬರು 'ಏಡ್ಸಮ್ಮ'ನೆಂಬ ದೇವತೆಗೆ ಗುಡಿ ಕಟ್ಟಿಸಿದರು. ಪ್ಲೇಗಿನ ಕಾಲದಲ್ಲಿ ಪ್ಲೇಗಮ್ಮನು ಹುಟ್ಟಿಕೊಂಡದ್ದನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಸಿಡುಬಿಗೆ ದೇವತೆಯನ್ನು ಕಲ್ಪಿಸಿದ ನಾಡು ಇದು. ಆದರೆ ವ್ಯತ್ಯಾಸವುಂಟು. ಈ ಗುಡಿಯ ಉದ್ದೇಶವು ಹರಕೆಯಿಂದ ರೋಗ ಹೋಗುವುದೆಂದು ನಂಬಿಸುವುದಲ್ಲ. ರೋಗವು ಹೇಗೆ ಹರಡುವುದು, ಹೇಗೆ ಹರಡದು ಎಂಬುದನ್ನು ದರ್ಶನಕ್ಕೆ ಬಂದವರಿಗೆ ತಿಳಿಸುವುದು. ಭಾಷಣಕ್ಕೆ ಬಾರದವರು ಗುಡಿಗೆ ಬರುತ್ತಾರೆಂಬ ಉಪಾಧ್ಯಾಯರ ಯುಕ್ತಿಯನ್ನು ಕೆಲವರು ಹಾಸ್ಯ ಮಾಡಿದರು. ಹಾಸ್ಯಕ್ಕಿಂತ ಮೆಚ್ಚಿಕೆಗೆ ಅದು ಹೆಚ್ಚು ಅರ್ಹವಾದುದು.

ಔಷಧದ ಚರಿತ್ರೆ ಹೀಗಿದೆ. ಮೊದಲ ಔಷಧಕ್ಕೆ ೧೯೮೭ರಲ್ಲಿ ಅನುಮತಿ ದೊರೆಯಿತು. ಒಂದೇ ಔಷಧದ ಬಲ ಬಹುಕಾಲ ನಿಲ್ಲಲಿಲ್ಲ. ೧೯೯೬ರಲ್ಲಿ ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ವಿಷಾಣುವು ಅಡಗಿರುವುದೆಂದು ಸಿದ್ಧವಾಯಿತು. ಆದರೆ ಅದರ ಬೆಲೆ ವರ್ಷವೊಂದಕ್ಕೆ ೧೦,೦೦೦ ಡಾಲರಿಗೂ ಮೀರಿದ್ದಿತು. ೨೦೦೧ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ಅದೇ ಔಷಧಗಳನ್ನು ವರ್ಷಕ್ಕೆ ೩೫೦ ಡಾಲರಿಗೆ ಕೊಡುವುದಾಗಿ ಹೇಳಿ ಪ್ರಪಂಚವನ್ನು ಬೆರಗುಗೊಳಿಸಿದರು. ಆ ಬೆಲೆಯೂ ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನಿಗಾಗಲಿ ಹೊಳೆನರಸೀಪುರದ ಕೂಲಿಯವನಿಗಾಗಲಿ ಎಟಕುವಂತಿರಲಿಲ್ಲ. ೨೦೦೪ರ ಏಪ್ರಿಲ್ ೧ರಂದು ಭಾರತ ಸರ್ಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲಾದದ್ದು ಬೆಂಗಳೂರಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲಿ.

ಉಚಿತವೆಂಬ ಮಾತಿಗೆ ಹಳ್ಳಿಯಲ್ಲಿ ಬೇರೆ ಅರ್ಥವುಂಟು. ಹಾಸನದಿಂದ ಬೆಂಗಳೂರಿಗೆ ಸುಮಾರು ೧೮೫ ಕಿಲೋಮೀಟರು. ಅರಕಲಗೂಡಿಗೆ ಇಂದಿಗೂ ರೈಲುಮಾರ್ಗವಿಲ್ಲ. ಮಾತ್ರೆಗೆ ಕಾಸಿಲ್ಲವಾದರೂ ಬಸ್ಸಿಗೆ, ಊಟಕ್ಕೆ, ತಪ್ಪಿದ ಕೂಲಿಗೆ ಲೆಕ್ಕವುಂಟು; ಅದೂ ತಿಂಗಳು ತಿಂಗಳೂ, ಜೀವವಿರುವವರೆಗೂ. ಈ ಚಿಕಿತ್ಸೆಯ ಕಟ್ಟುನಿಟ್ಟೂ ಅಸಾಮಾನ್ಯವಾದುದು. ಕೆಲವು ದಿನ ಮಾತ್ರೆ ತಪ್ಪಿದರೆ ವಿಷಾಣುವು ಔಷಧಕ್ಕೆ ಬಗ್ಗದಂತೆ ಮಾರ್ಪಡುವುದು. ಆದಕಾರಣ ಔಷಧವನ್ನು ರೋಗಿಯ ಹತ್ತಿರಕ್ಕೆ ಒಯ್ಯುವುದು ಅನಿವಾರ್ಯವಾಯಿತು. ಹಾಸನದಲ್ಲಿ ವೈದ್ಯವಿಜ್ಞಾನ ಸಂಸ್ಥೆಯು ೨೦೦೬ರಲ್ಲಿ ಆರಂಭವಾಯಿತು. ಅದಕ್ಕೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಲ್ಲಿ ಎ.ಆರ್.ಟಿ. ಕೇಂದ್ರವು ಏರ್ಪಟ್ಟಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆಯೂ ಆಪ್ತಸಮಾಲೋಚನೆಯೂ ದೊರೆಯತೊಡಗಿದುವು. ಮೊದಲು ಸಿ.ಡಿ. ೪ ಎಂಬ ರಕ್ಷಕಕೋಶಗಳ ಸಂಖ್ಯೆ ೨೦೦ಕ್ಕಿಂತ ಕೆಳಗಿಳಿದ ಮೇಲೆಯೇ, ಎಂದರೆ ದೇಹವು ಹೆಚ್ಚುಕಡಿಮೆ ಸೋತ ಮೇಲೆಯೇ, ಚಿಕಿತ್ಸೆಯನ್ನು ಕೊಡುತ್ತಿದ್ದರು. ೨೦೧೭ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಕೊಡಬೇಕೆಂದು ನಿಯಮವಾಯಿತು. ತಾಯಿಯಿಂದ ಶಿಶುವಿಗೆ ಹರಡುವುದು ಚಿಕಿತ್ಸೆಯಿಲ್ಲದಿದ್ದರೆ ನೂರಕ್ಕೆ ೧೫ರಿಂದ ೪೫. ಚಿಕಿತ್ಸೆಯಿದ್ದರೆ ೫ಕ್ಕಿಂತಲೂ ಕಡಿಮೆ. ವಿಷಾಣುವು ರಕ್ತದಲ್ಲಿ ಕಾಣಿಸದಷ್ಟು ಅಡಗಿದವರಿಂದ ಸಂಗಾತಿಗೆ ಸೋಂಕು ಹೋಗದೆಂಬುದು ೨೦೧೧ರಿಂದ ಈಚೆಗೆ ನಡೆದ ದೊಡ್ಡ ಪರಿಶೋಧನೆಗಳಿಂದ ಸ್ಥಿರಪಟ್ಟಿದೆ.

ಇಷ್ಟು ಭೈಷಜ್ಯದ ಮಾತಾಯಿತು. ಅಭಯವನ್ನು ಕೊಟ್ಟವರು ಯಾರೆಂದು ಕೇಳಿದರೆ, ಔಷಧವಿನ್ನೂ ಇಲ್ಲದಿದ್ದ ಕಾಲಕ್ಕೇ ಹಿಂದಿರುಗಬೇಕಾಗುವುದು. ಬೆಂಗಳೂರಿನಲ್ಲಿ ೧೯೯೩ರಲ್ಲಿ 'ಸಂರಕ್ಷ' ಸಂಸ್ಥೆಯು ಹುಟ್ಟಿತು. ಹಾಸನ ಸೀಮೆಯವರು ದೊಡ್ಡ ಕಾಯಿಲೆಗೆಲ್ಲಾ ಮುಖಮಾಡುವ ಊರಾದ ಮೈಸೂರಿನಲ್ಲಿ ೧೯೯೭ರಲ್ಲಿ 'ಆಶಾಕಿರಣ'ವು ಕೆಲಸವನ್ನು ಆರಂಭಿಸಿತು. ಆಗ ಇವರ ಕೈಯಲ್ಲಿದ್ದ ಸಾಧನ ಬಹಳ ಅಲ್ಪ: ಕ್ಷಯ, ಭೇದಿ, ಬಾಯಿಯ ಹುಣ್ಣು ಮುಂತಾದ ಉಪವ್ಯಾಧಿಗಳಿಗೆ ಮದ್ದು, ಒಂದು ಹಾಸಿಗೆ, ಮುಟ್ಟಲು ಹಿಂಜರಿಯದ ಕೈ. ಸಾಯುವವನು ಮನುಷ್ಯನಂತೆ ಸಾಯಲು ಅವಕಾಶ ಕಲ್ಪಿಸಿದುದೇ ಆ ವರ್ಷಗಳ ಮುಖ್ಯ ಸೇವೆಯೆಂದರೆ ಅತಿಶಯೋಕ್ತಿಯಲ್ಲ. ಹಾಸನಕ್ಕೆ ಇಂಥ ಸೇವೆಯ ಮಾದರಿ ತೀರ ಹೊಸದಾಗಿರಲಿಲ್ಲ. ವೆಸ್ಲಿಯನ್ ಮಿಷನ್ನಿನವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಲ್ಲಿ ಸ್ಥಾಪಿಸಿದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯು, ಪುರುಷ ವೈದ್ಯರ ಬಳಿ ಹೋಗಲು ಅಂಜುತ್ತಿದ್ದ ಸ್ತ್ರೀಯರ ಅಂಜಿಕೆಯನ್ನು ಕಳೆದದ್ದೂ ಒಂದು ಬಗೆಯ ಅಭಯದಾನವೇ ಸರಿ.

ಮೈಸೂರಿನಲ್ಲಿಯೇ ಇದಕ್ಕಿಂತ ಧೈರ್ಯವಾದ ಕಾರ್ಯವೊಂದು ನಡೆಯಿತು. ೨೦೦೪ರಲ್ಲಿ ಆರಂಭವಾದ ರೋಗನಿವಾರಣ ಕಾರ್ಯಕ್ರಮದಿಂದ ಬೆಳೆದು, ಲೈಂಗಿಕ ವೃತ್ತಿಯವರೇ ಕೂಡಿ ಕಟ್ಟಿಕೊಂಡ 'ಅಶೋದಯ ಸಮಿತಿ'ಯು ೨೦೦೮ರ ಸುಮಾರಿಗೆ ವಿಶ್ವಬ್ಯಾಂಕಿನ ಧನಸಹಾಯದಿಂದ ಪೇಟೆಯಲ್ಲಿ ಒಂದು ಹೋಟಲನ್ನು ತೆರೆಯಿತು. ಅಡುಗೆ ಮಾಡುವವರೂ ಬಡಿಸುವವರೂ ಅವರೇ. ಅವರಲ್ಲಿ ಸೋಂಕಿತರೂ ಇದ್ದರು. ಲಾಭವು ಕಾಯಿಲೆ ಬಿದ್ದ ಸಂಗಾತಿಗಳ ಆರೈಕೆಗೆ. ಯಾವ ಜೊತೆಯೂಟದ ಹೆಸರಿನಲ್ಲಿ ಸೋಂಕಿತರನ್ನು ಹೊರಗಿಟ್ಟಿದ್ದರೋ ಅದೇ ಊಟವನ್ನು ಅವರು ಊರಿನವರ ಮುಂದೆ ಬಡಿಸಿದರು. ಊರಿನವರು ಬಂದು ಉಂಡರು. ನೂರು ಪತ್ರಿಕಾಪ್ರಕಟಣೆಗಳು ಹೇಳಲಾರದ ಮಾತನ್ನು ಆ ಎಲೆಯೂಟವು ಹೇಳಿತು. ಸುಶ್ರುತನು ಇದ್ದಿದ್ದರೆ ಆಕ್ಷೇಪಿಸುತ್ತಿರಲಿಲ್ಲ. ಆತನ ಪಟ್ಟಿಯಲ್ಲಿ ಈ ರೋಗದ ಹೆಸರಿಲ್ಲ.

ಇದೇ ಕಾಲದಲ್ಲಿ ಸೋಂಕಿತರು ತಮ್ಮ ತಮ್ಮೊಳಗೆ ಸೇರಿ ಜಿಲ್ಲೆ ಜಿಲ್ಲೆಗೂ ಜಾಲಗಳನ್ನು ಕಟ್ಟಿಕೊಂಡರು. ಹೊಸದಾಗಿ ಸೋಂಕು ಗೊತ್ತಾದವನ ಎದುರಿಗೆ, ಹತ್ತು ವರ್ಷಗಳಿಂದ ಮಾತ್ರೆ ನುಂಗಿ ಗಟ್ಟಿಯಾಗಿರುವ ಇನ್ನೊಬ್ಬ ಸೋಂಕಿತನು ಕುಳಿತು ಮಾತಾಡುವುದಕ್ಕೆ ಸಮನಾದ ಸಮಾಧಾನವಿಲ್ಲ. ೨೦೦೭ರಿಂದ ಕೆಲವು ವರ್ಷ ಸಮುದಾಯ ಆರೈಕೆ ಕೇಂದ್ರಗಳು ನಡೆದುವು. ಅಲ್ಲಿ ರೋಗಿಯು ನಾಲ್ಕಾರು ದಿನವಿದ್ದು ಚಿಕಿತ್ಸೆಗೆ ಹೊಂದಿಕೊಳ್ಳಬಹುದಾಗಿದ್ದಿತು. ೨೦೧೩ರಲ್ಲಿ ಅವುಗಳನ್ನು ಮುಚ್ಚಿ, ಹಾಸಿಗೆಗಳಿಲ್ಲದ ಬೆಂಬಲ ಕೇಂದ್ರಗಳನ್ನು 'ವಿಹಾನ್' ಎಂಬ ಯೋಜನೆಯಲ್ಲಿ ತೆರೆದರು. ಖರ್ಚಿನ ದೃಷ್ಟಿಯಿಂದ ಇದಕ್ಕೆ ಸಮರ್ಥನೆಯುಂಟು. ಆದರೆ ಮನೆಯವರು ಒಳಗೆ ಬಿಡದ ರೋಗಿಗೆ ಹಾಸಿಗೆಯೊಂದು ಎಲ್ಲಿ ಸಿಗಬೇಕೆಂಬ ಪ್ರಶ್ನೆಗೆ ಉತ್ತರ ಆ ಸಮರ್ಥನೆಯಲ್ಲಿಲ್ಲ. ಮನೆಗೆ ಹೋಗಿ ವಿಚಾರಿಸುವುದು, ಚಿಕಿತ್ಸೆ ಬಿಟ್ಟವರನ್ನು ಹುಡುಕುವುದು, ಪಿಂಚಣಿ ಪಡಿತರಗಳ ಅರ್ಜಿ ಬರೆದುಕೊಡುವುದು ಈ ಕೇಂದ್ರಗಳ ಕಾರ್ಯಕರ್ತರ ಕೆಲಸ. ಸೋಂಕಿತ ಸ್ತ್ರೀಯರ ಸ್ವಂತ ಉದ್ಯೋಗಕ್ಕೆ 'ಧನಶ್ರೀ' ಯೋಜನೆಯನ್ನೂ, ಈ ರೋಗದ ಬಾಧೆಗೊಳಗಾದ ಮಕ್ಕಳಿಗೆ ವಿಶೇಷ ಪಾಲನಾ ಯೋಜನೆಯನ್ನೂ ರಾಜ್ಯ ಸರ್ಕಾರವು ಏರ್ಪಡಿಸಿತು. ೨೦೨೩ರ ಜೂನ್ ೧೧ರಂದು ಆರಂಭವಾದ 'ಶಕ್ತಿ' ಯೋಜನೆಯು ಈ ರೋಗಕ್ಕಾಗಿ ಹುಟ್ಟಿದುದಲ್ಲ. ಆದರೂ ಹಾಸನಕ್ಕೆ ಮಾತ್ರೆಗಾಗಿ ಹೋಗುವ ಬಡ ಸ್ತ್ರೀಗೆ ಬಸ್ಸಿನ ಚಾರ್ಜು ಉಳಿದದ್ದು ಅದರಿಂದ.

ಅಭಯಕ್ಕೆ ಕಾಯಿದೆಯ ರೂಪ ಬಂದದ್ದು ೨೦೧೭ರಲ್ಲಿ. ಅದು ಜಾರಿಗೆ ಬಂದದ್ದು ೨೦೧೮ರ ಸೆಪ್ಟೆಂಬರ್ ೧೦ರಿಂದ. ಉದ್ಯೋಗ, ವಿದ್ಯಾಭ್ಯಾಸ, ಚಿಕಿತ್ಸೆ, ಬಾಡಿಗೆ ಮನೆ ಇವುಗಳಲ್ಲಿ ಸೋಂಕಿನ ಕಾರಣದಿಂದ ಭೇದವನ್ನೆಣಿಸಕೂಡದು. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಕೂಡದು. ಒಬ್ಬನ ಸ್ಥಿತಿಯನ್ನು ಅವನ ಅನುಮತಿಯಿಲ್ಲದೆ ಬಯಲುಮಾಡಕೂಡದು ಎಂದು ಅದು ವಿಧಿಸುತ್ತದೆ. ಇವೆಲ್ಲವೂ ನಿರೀಕ್ಷಿಸತಕ್ಕ ವಿಧಿಗಳು. ಓದುಗರು ನಿಂತು ನೋಡಬೇಕಾದ ವಿಧಿ ಇನ್ನೊಂದಿದೆ. ಸೋಂಕಿನ ಕುಟುಂಬದಲ್ಲಿ ೧೨ರಿಂದ ೧೮ ವರ್ಷದೊಳಗಿನ ಹಿರಿಯ ಮಗುವು ಮನೆಯ ವ್ಯವಹಾರವನ್ನು ನಡೆಸುವಷ್ಟು ಪ್ರೌಢವಾಗಿದ್ದರೆ, ಶಾಲೆಗೆ ಸೇರಿಸುವುದು, ಬ್ಯಾಂಕಿನ ಖಾತೆ ತೆರೆಯುವುದು ಮುಂತಾದವುಗಳಿಗೆ ತನ್ನ ತಮ್ಮ ತಂಗಿಯರ ಪೋಷಕನಾಗಿ ಸಹಿ ಹಾಕಬಹುದೆಂದು ಕಾಯಿದೆ ಒಪ್ಪಿದೆ. ಹನ್ನೆರಡು ವರ್ಷದ ಹುಡುಗಿಯು ತಂಗಿಯ ಕೈಹಿಡಿದು ಶಾಲೆಯ ದಾಖಲಾತಿಗೆ ಬರಬಹುದೆಂದು ಪಾರ್ಲಿಮೆಂಟು ಮುಂಗಂಡು ಬರೆಯಬೇಕಾಯಿತು ಎಂಬಲ್ಲಿ, ಹಿಂದಿನ ಮೂವತ್ತು ವರ್ಷಗಳ ಚರಿತ್ರೆಯೆಲ್ಲವೂ ಇರುವುದು.

೨೦೨೦ರ ಮಾರ್ಚ್ ೨೫ರಂದು ಕೋವಿಡ್ ನಿಮಿತ್ತ ದೇಶವೇ ಸ್ತಬ್ಧವಾದಾಗ ಬಸ್ಸುಗಳೂ ನಿಂತುವು. ದಿನ ತಪ್ಪಬಾರದ ಮಾತ್ರೆಯ ಗತಿ ಏನು? ಒಂದೇ ಸಲಕ್ಕೆ ಮೂರು ತಿಂಗಳ ಔಷಧವನ್ನು ಕೊಡಲೂ, ಬರಲಾರದವರಿಗೆ ಸಮುದಾಯದ ಕಾರ್ಯಕರ್ತರ ಕೈಯಲ್ಲಿ ಕಳುಹಿಸಲೂ ರಾಷ್ಟ್ರೀಯ ಸಂಸ್ಥೆಯು ಅನುಮತಿ ಕೊಟ್ಟಿತು. ಔಷಧದ ದಾರಿಯೂ ಅಭಯದ ದಾರಿಯೂ ಒಂದಾದ ಅಪರೂಪದ ತಿಂಗಳುಗಳವು. ಅದೇ ಮೇ ತಿಂಗಳಲ್ಲಿ ಹಾಸನ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣಗಳು ಮುಂಬಯಿಯಿಂದ ಚನ್ನರಾಯಪಟ್ಟಣದ ಕಡೆಗೆ ಮರಳಿದವರಲ್ಲಿ ಕಾಣಿಸಿಕೊಂಡುವು. ಸೋಂಕಿತನೆಂಬ ಹೆಸರು ಹೊತ್ತು ಸ್ವಂತ ಊರಿನ ಬಾಗಿಲಲ್ಲಿ ನಿಲ್ಲುವುದೆಂದರೇನೆಂಬುದು ಆಗ ಎಷ್ಟೋ ಮನೆಗಳಿಗೆ ಮೊದಲ ಬಾರಿಗೆ ತಿಳಿಯಿತು.

ಈಗ ಚಿಕಿತ್ಸೆಯು ದಿನಕ್ಕೊಂದು ಮಾತ್ರೆಗೆ ಇಳಿದಿದೆ. ಹುಟ್ಟಿನಿಂದ ಸೋಂಕು ಪಡೆದ ಮಕ್ಕಳು ಬೆಳೆದು ಮದುವೆಯ ವಯಸ್ಸಿಗೆ ಬಂದಿದ್ದಾರೆ. ಸ್ಥಿರವಾದ ಆರೋಗ್ಯವುಳ್ಳವರು ಜಿಲ್ಲಾಕೇಂದ್ರಕ್ಕೆ ಹೋಗದೆ, ಸಮೀಪದ ಆಸ್ಪತ್ರೆಯಲ್ಲಿ ಏರ್ಪಟ್ಟ ಲಿಂಕ್ ಕೇಂದ್ರದಲ್ಲಿಯೇ ಮಾತ್ರೆ ಪಡೆಯಬಹುದೆಂಬ ಅನುಕೂಲವನ್ನು ನಿಯಂತ್ರಣ ಕಾರ್ಯಕ್ರಮವು ಕಲ್ಪಿಸಿತು. ಸದುದ್ದೇಶದ ಈ ಏರ್ಪಾಟಿಗೆ ದೇಶದ ಹಲವೆಡೆ ರೋಗಿಗಳಿಂದಲೇ ಹಿಂಜರಿಕೆ ಎದುರಾಯಿತು. ಚಿಕ್ಕ ಊರಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ನೆರೆಯವನ ಮಗ. ಔಷಧ ಕೊಡುವವಳು ಹೆಂಡತಿಯ ಸಹಪಾಠಿ. ಸಾಲಿನಲ್ಲಿ ಹಿಂದೆ ನಿಂತವನು ಅದೇ ಬೀದಿಯವನು. ಆದಕಾರಣ ಮಾತ್ರೆಯ ಡಬ್ಬಿಯ ಮೇಲಿನ ಚೀಟಿಯನ್ನು ಹರಿದು ಬಿಸಾಡಿ, ಮಾತ್ರೆಗಳನ್ನು ಬೇರೆ ಡಬ್ಬಿಗೆ ತುಂಬಿಕೊಂಡು ಮನೆಗೆ ಹೋಗುವವರುಂಟು. ಹತ್ತಿರದ ಆಸ್ಪತ್ರೆಯ ಮುಂದೆಯೇ ಬಸ್ಸು ಹತ್ತಿ, ಗುರುತಿನವರಿಲ್ಲದ ದೂರದ ಊರಿನ ಆಸ್ಪತ್ರೆಗೆ ಹೋಗಿಬರುವವರೂ ಇಂದಿಗೂ ಉಂಟು.